ಇಟಾಲಿಯನ್ ರೆಸ್ಟೋರೆಂಟ್ ಊಟ ಒಬ್ಬೊಬ್ಬರಿಗೆ ಒಂದೊಂದು ಥರ ಇಷ್ಟವಾಗುವುದು ಯಾಕೆ?

ಮುಖ್ಯ ಕಾರಣ ಚಿಕ್ಕಂದಿನಿಂದ ನಾಲಿಗೆಗೆ ಹತ್ತಿದ ರುಚಿ. ಇಟಲಿಯಲ್ಲೇ ಎಲ್ಲ ಕಡೆ ಒಂದೇ ಅಡುಗೆ ಇಲ್ಲ. ಉತ್ತರದ ಲೊಂಬಾರ್ಡಿ ಕಡೆ ಬೆಣ್ಣೆ, ಮೆತ್ತಗೆ ಬೇಯಿಸಿದ ಅನ್ನದ ರಿಸೊಟ್ಟೊ, ಮೆಕ್ಕೆಜೋಳದ ಹಿಟ್ಟಿನ ಗಂಜಿಯಂಥ ಪೊಲೆಂಟಾ ಜಾಸ್ತಿ. ದಕ್ಷಿಣದ ನೇಪಲ್ಸ್, ಸಿಸಿಲಿ ಕಡೆ ಆಲಿವ್ ಎಣ್ಣೆ, ಟೊಮ್ಯಾಟೊ, ಒಣ ಪಾಸ್ತಾ. ಉತ್ತರದ ಬೊಲೊನ್ಯಾ ನಗರದಲ್ಲಿ ಬೆಳೆದವರಿಗೆ ರಾಗು ಎಂಬ ಮಾಂಸದ ಸಾಸ್ ಅಂದರೆ ಕೊಚ್ಚಿದ ಮಾಂಸವನ್ನು ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಿ, ಸ್ವಲ್ಪ ಹಾಲು ಹಾಕಿ, ಹಿಟ್ಟಿಗೆ ಮೊಟ್ಟೆ ಸೇರಿಸಿ ಮಾಡಿದ ಅಗಲ ಪಾಸ್ತಾಗೆ ಅಂಟುವ ಹಾಗೆ ಕಲಸಿದ್ದು, ಟೊಮ್ಯಾಟೊ ಕಡಿಮೆ. ಕೆಂಪು ಸಾಸ್‌ನಲ್ಲಿ ಮುಳುಗಿದ ಸ್ಪಾಗೆಟಿ ಅವರಿಗೆ ಹಿಡಿಸದಿದ್ದರೆ ಆಶ್ಚರ್ಯವೇನಿಲ್ಲ.

ಅಮೆರಿಕದ ಕಥೆ ಬೇರೆ. 1880ರಿಂದ 1920ರ ದಶಕದ ಹೊತ್ತಿಗೆ ಅಲ್ಲಿಗೆ ಹೋದ ಸುಮಾರು 40 ಲಕ್ಷ ಇಟಾಲಿಯನ್ನರಲ್ಲಿ ಹೆಚ್ಚಿನವರು ದಕ್ಷಿಣದ ಬಡವರು. ಊರಲ್ಲಿ ಅಪರೂಪವಾಗಿದ್ದ ಮಾಂಸ ಅಲ್ಲಿ ಅಗ್ಗಕ್ಕೆ ಸಿಕ್ಕಿತು, ಮೀಟ್‌ಬಾಲ್ ಅಂದರೆ ಮಾಂಸದ ಉಂಡೆ ದಪ್ಪವಾಯಿತು, ಸ್ಪಾಗೆಟಿ ಮೇಲೆ ಬಂದು ಕೂತಿತು. ರೋಮ್‌ನ ಆಲ್ಫ್ರೆಡೊ ಎಂಬ ತಿನಿಸಿನಲ್ಲಿ ಪಾಸ್ತಾ ಜೊತೆ ಬೆಣ್ಣೆ, ಪಾರ್ಮೆಸಾನ್ ಚೀಸ್ ಅಷ್ಟೇ. ಅಮೆರಿಕದಲ್ಲಿ ಕ್ರೀಮ್ ಸೇರಿತು. ಅದನ್ನೇ ತಿಂದು ಬೆಳೆದವರಿಗೆ ರೋಮ್‌ನದು ಸಪ್ಪೆ ಅನ್ನಿಸಬಹುದು. ಹಾಗಂತ ಅಮೆರಿಕದ ಅಡುಗೆಯನ್ನು ನಕಲಿ ಇಟಾಲಿಯನ್ ಅಂತ ಹೀಗಳೆಯುವುದು ನನಗಂತೂ ಸರಿ ಕಾಣುವುದಿಲ್ಲ, ಅದೂ ವಲಸೆ ಹೋದ ಇಟಾಲಿಯನ್ನರ ಕೈಯಲ್ಲೇ ಬೆಳೆದ ಅಡುಗೆ ಅಲ್ವಾ.