ಒಂದು ಅಂಕದ ಆಚೆ ಈಚೆ: ಹ್ಯಾಂಬರ್ಗ್ ಕ್ಲಬ್ ಬಗ್ಗೆ ಓದುಗರ ಪ್ರಶ್ನೆಗಳು

ಜರ್ಮನಿಯ ಹ್ಯಾಂಬರ್ಗ್ ಫುಟ್‌ಬಾಲ್ ಕ್ಲಬ್ 2014ರಿಂದ 2018ರೊಳಗೆ ನಾಲ್ಕು ಸಲ ಹಿಂಬಡ್ತಿಯ ಅಂಚಿಗೆ ಬಂತು. ಮೂರು ಸಲ ಪಾರಾಯಿತು, ನಾಲ್ಕನೇ ಸಲ ಬಿತ್ತು. ಆಮೇಲೆ ಮೇಲಕ್ಕೆ ಬರಲು ಹೊರಟು ಆರು ವರ್ಷ ಒಂದೇ ಸಮನೆ ಹೊಸ್ತಿಲಲ್ಲೇ ಎಡವಿತು. ಈ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಆರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: 34 ಪಂದ್ಯ ಆಡಿ ಬರೀ 27 ಅಂಕ ಗಳಿಸಿದ ತಂಡ 2014ರಲ್ಲಿ ಹೇಗೆ ಉಳಿದುಕೊಂಡಿತು? (ಮೈಸೂರು)

ಉತ್ತರ: ತನಗಿಂತ ಕೆಟ್ಟದಾಗಿ ಆಡಿದ ಇನ್ನೆರಡು ತಂಡಗಳು ಆ ವರ್ಷ ಇದ್ದವು, ಅದಕ್ಕೇ. ಜರ್ಮನಿಯ ಅತಿ ಮೇಲಿನ ಡಿವಿಷನ್ ಆದ ಬುಂಡೆಸ್‌ಲಿಗಾದಲ್ಲಿ 18 ತಂಡ. 17 ಮತ್ತು 18ನೇ ಸ್ಥಾನದವರು ನೇರವಾಗಿ ಕೆಳಗಿನ ಡಿವಿಷನ್‌ಗೆ ಹೋಗುತ್ತಾರೆ. 16ನೆಯವರಿಗೆ ಮಾತ್ರ ಇನ್ನೊಂದು ಬಾಗಿಲು ತೆರೆದಿರುತ್ತದೆ: ಎರಡನೇ ಡಿವಿಷನ್‌ನ ಮೂರನೇ ತಂಡದ ಜತೆ ಪ್ಲೇಆಫ್, ತವರಿನಲ್ಲೊಂದು ಪಂದ್ಯ, ಅವರ ಅಂಗಳದಲ್ಲೊಂದು. ಆ ವರ್ಷ ನ್ಯೂರೆಂಬರ್ಗ್ 26 ಅಂಕಕ್ಕೆ ನಿಂತಿತು, ಬ್ರೌನ್‌ಶ್ವೈಗ್ 25ಕ್ಕೆ. ಹ್ಯಾಂಬರ್ಗ್ ಕೊನೆಯ ಐದು ಪಂದ್ಯಗಳನ್ನೂ ಸೋತಿತ್ತು. ಆದರೂ ಆ 27 ಅಂಕ ಸಾಕಾಯಿತು.

ಪ್ಲೇಆಫ್‌ನಲ್ಲಿ ಎದುರಿಗಿದ್ದದ್ದು ಗ್ರಾಯ್ಟರ್ ಫ್ಯೂರ್ತ್. ಹ್ಯಾಂಬರ್ಗ್‌ನಲ್ಲಿ 0-0, ಫ್ಯೂರ್ತ್‌ನಲ್ಲಿ 1-1. ಎರಡೂ ಪಂದ್ಯದಲ್ಲಿ ಗೆಲುವಿಲ್ಲ, ಆದರೂ ಹ್ಯಾಂಬರ್ಗ್ ಉಳಿಯಿತು. ಕಾರಣ, ಒಟ್ಟು ಗೋಲು ಸಮವಾದರೆ ಎದುರಾಳಿಯ ಅಂಗಳದಲ್ಲಿ ಹೊಡೆದ ಗೋಲಿಗೆ ಹೆಚ್ಚು ಬೆಲೆ ಎಂಬ ನಿಯಮ ಆಗ ಇತ್ತು. 14ನೇ ನಿಮಿಷದಲ್ಲಿ ಲಾಸೋಗ್ಗಾ ಹೆಡರ್‌ನಿಂದ ಹಾಕಿದ ಆ ಒಂದೇ ಗೋಲು ಕ್ಲಬ್‌ನ ಜೀವ ಉಳಿಸಿತು. ಒಂದೇ ಋತುವಿನಲ್ಲಿ ಫಿಂಕ್, ವಾನ್ ಮಾರ್ವೈಕ್, ಸ್ಲೊಮ್ಕಾ ಎಂದು ಮೂವರು ಕೋಚ್‌ಗಳನ್ನು ಕಂಡ ತಂಡ ಅದು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಅಂತಾರೆ. ಹ್ಯಾಂಬರ್ಗ್‌ಗೆ ಸಿಕ್ಕಿದ್ದು ಒಂದು ವರ್ಷ.

ಪ್ರಶ್ನೆ: 2015ರ ಕಾರ್ಲ್ಸ್‌ರೂಹ ಪಂದ್ಯದ ಫ್ರೀ ಕಿಕ್ ಬಗ್ಗೆ ಇವತ್ತಿಗೂ ಜಗಳ ನಿಂತಿಲ್ಲ. ನಿಜಕ್ಕೂ ಅನ್ಯಾಯ ಆಗಿತ್ತೇ? (ಮಂಗಳೂರು)

ಉತ್ತರ: ಆಗಿತ್ತು. ಆದರೆ ಪೂರ್ತಿ ಲೆಕ್ಕ ನೋಡದೆ ಆ ಒಂದು ಸೀಟಿಯ ಮೇಲೆ ಎಲ್ಲವನ್ನೂ ಹೊರಿಸುವುದು ಸರಿಯಲ್ಲ.

ಆ ವರ್ಷ ಲೀಗ್‌ನ ಕೊನೆಯ ದಿನ ಬೆಳಗಾಗುವಾಗ ಹ್ಯಾಂಬರ್ಗ್ 17ನೇ ಸ್ಥಾನದಲ್ಲಿತ್ತು. ತಾನು ಗೆದ್ದರಷ್ಟೇ ಸಾಲದು, ಬೇರೆಯವರು ಸೋಲಲೂಬೇಕಿತ್ತು. ಶಾಲ್ಕೆಯನ್ನು 2-0ಯಿಂದ ಸೋಲಿಸಿತು. ಅತ್ತ ಫ್ರೈಬರ್ಗ್ ಹ್ಯಾನೋವರ್‌ನಲ್ಲಿ ಸೋತಿತು. 35ಕ್ಕೆ 34, ಒಂದು ಅಂಕದ ಅಂತರದಲ್ಲಿ ಹ್ಯಾಂಬರ್ಗ್ 16ನೇ ಸ್ಥಾನಕ್ಕೆ ಏರಿ ಮತ್ತೆ ಪ್ಲೇಆಫ್ ಸೇರಿತು.

ಎದುರಾಳಿ ಎರಡನೇ ಡಿವಿಷನ್‌ನ ಕಾರ್ಲ್ಸ್‌ರೂಹ. ಮೊದಲ ಪಂದ್ಯ ಹ್ಯಾಂಬರ್ಗ್‌ನಲ್ಲಿ 1-1. ಅಂದರೆ ಜೂನ್ 1ರಂದು ಕಾರ್ಲ್ಸ್‌ರೂಹದಲ್ಲಿ 0-0 ಆಗಿದ್ದರೂ ಕಾರ್ಲ್ಸ್‌ರೂಹವೇ ಮೇಲಕ್ಕೆ ಹೋಗುತ್ತಿತ್ತು. ಹಿಂದಿನ ವರ್ಷ ಹ್ಯಾಂಬರ್ಗ್‌ನ ಕೈ ಹಿಡಿದಿದ್ದ ನಿಯಮವೇ ಈ ಸಲ ಅದರ ಕೊರಳಿಗೆ ಸುತ್ತಿಕೊಂಡಿತ್ತು. 78ನೇ ನಿಮಿಷದಲ್ಲಿ ಯಾಬೋ ಗೋಲು ಹೊಡೆದು ಕಾರ್ಲ್ಸ್‌ರೂಹ 1-0 ಮುಂದೆ ಹೋಯಿತು. ನಿಗದಿತ ಸಮಯ ಮುಗಿದು ಇಂಜುರಿ ಟೈಮ್ ಶುರುವಾಗಿತ್ತು. ಹ್ಯಾಂಬರ್ಗ್‌ನ ರಾಯ್ಕೊವಿಚ್ ಹೊಡೆದ ಚೆಂಡು ಹತ್ತಿರದಲ್ಲೇ ಇದ್ದ ಯೋನಾಸ್ ಮೆಫರ್ಟ್ ಅವರ ತೋಳಿಗೆ ತಾಗಿತು. ತೋಳು ಮೈಗೆ ಒತ್ತಿಕೊಂಡೇ ಇತ್ತು, ಸರಿಸಲು ಸಮಯವೂ ಇರಲಿಲ್ಲ. ರೆಫರಿ ಮಾನುಯೆಲ್ ಗ್ರೇಫೆ ಹ್ಯಾಂಡ್‌ಬಾಲ್ ಎಂದು ಸೀಟಿ ಊದಿದರು. ತೀರ್ಪು ತಪ್ಪಾಗಿತ್ತೆಂದು ಆಮೇಲೆ ಅವರೇ ಒಪ್ಪಿಕೊಂಡರು.

ಚೆಂಡಿನ ಮುಂದೆ ಇಬ್ಬರು ನಿಂತಿದ್ದರು. ಒಬ್ಬರು ಆ ತಂಡದ ದೊಡ್ಡ ಹೆಸರು ವಾನ್ ಡರ್ ವಾರ್ಟ್. ಇನ್ನೊಬ್ಬರು ಆ ಜನವರಿಯಲ್ಲಷ್ಟೇ ಬಂದಿದ್ದ ಚಿಲಿಯ ಮಾರ್ಸೆಲೊ ಡಿಯಾಸ್. ಒದೆಯಲು ಮುಂದಾದ ವಾನ್ ಡರ್ ವಾರ್ಟ್‌ಗೆ ಡಿಯಾಸ್ ಹೇಳಿದ್ದು ಇಷ್ಟೇ: ‘ನಾಳೆ ಗೆಳೆಯ, ನಾಳೆ.’ ಚೆಂಡು ಎದುರು ಗೋಡೆಯಂತೆ ನಿಂತಿದ್ದ ಆಟಗಾರರ ಮೇಲಿಂದ ಬಳುಕಿ ಬಲೆಯ ಮೂಲೆಗೆ ಹೋಯಿತು. ಗೋಲ್‌ಕೀಪರ್‌ಗೆ ಕದಲಲೂ ಆಗಲಿಲ್ಲ.

ಇಲ್ಲಿಗೇ ಮುಗಿಯಲಿಲ್ಲ ಎನ್ನುವುದನ್ನು ಬಹಳ ಜನ ಮರೆಯುತ್ತಾರೆ. ಆ ಗೋಲಿನಿಂದ ಹ್ಯಾಂಬರ್ಗ್ ಗೆಲ್ಲಲಿಲ್ಲ, ಲೆಕ್ಕ ಸಮವಾಯಿತು ಅಷ್ಟೇ. ಹೆಚ್ಚುವರಿ ಸಮಯದ ಅರ್ಧ ಗಂಟೆ ಕಾರ್ಲ್ಸ್‌ರೂಹಕ್ಕೂ ಇತ್ತು. 115ನೇ ನಿಮಿಷದಲ್ಲಿ ನಿಕೊಲಾಯ್ ಮ್ಯೂಲರ್ 2-1 ಮಾಡಿದರು. ತೀರಾ ಕೊನೆಗೆ ಕಾರ್ಲ್ಸ್‌ರೂಹಕ್ಕೆ ಪೆನಾಲ್ಟಿಯೂ ಸಿಕ್ಕಿತು; ಹೆನ್ನಿಂಗ್ಸ್ ಒದ್ದದ್ದನ್ನು ರೆನೆ ಆಡ್ಲರ್ ತಡೆದರು. ಎರಡೇ ವರ್ಷದಲ್ಲಿ, 2017ರಲ್ಲಿ, ಕಾರ್ಲ್ಸ್‌ರೂಹ ಮೂರನೇ ಡಿವಿಷನ್‌ಗೆ ಇಳಿಯಿತು. ಆ ಊರಿನವರ ಸಿಟ್ಟು ಯಾಕೆ ಆರಿಲ್ಲ ಎಂದು ಇದರಿಂದ ಅರ್ಥವಾಗುತ್ತದೆ. ಯಾರ ತೋಳಿಗೆ ಚೆಂಡು ತಾಗಿತ್ತೋ ಆ ಮೆಫರ್ಟ್ 2021ರಲ್ಲಿ ಸೇರಿದ್ದು ಹ್ಯಾಂಬರ್ಗ್ ತಂಡವನ್ನೇ. 2025ರಲ್ಲಿ ಅದು ಬಡ್ತಿ ಪಡೆದಾಗ ಅವರು ಅದೇ ತಂಡದಲ್ಲಿದ್ದರು.

ಪ್ರಶ್ನೆ: ಹ್ಯಾಂಬರ್ಗ್ ಸ್ಟೇಡಿಯಂನಲ್ಲಿ ಒಂದು ಗಡಿಯಾರ ಇತ್ತಂತೆ. ಅದು ಏನು ತೋರಿಸುತ್ತಿತ್ತು? (ಉಡುಪಿ)

ಉತ್ತರ: ಬುಂಡೆಸ್‌ಲಿಗಾ ಶುರುವಾದ 1963ರ ಆಗಸ್ಟ್ 24ರಿಂದ ಹ್ಯಾಂಬರ್ಗ್ ಅದರಲ್ಲಿ ಎಷ್ಟು ವರ್ಷ, ದಿನ, ಗಂಟೆ, ನಿಮಿಷ, ಸೆಕೆಂಡು ಕಳೆದಿದೆ ಎಂದು. ಮೊದಲ ವರ್ಷದ 16 ತಂಡಗಳಲ್ಲಿ ಒಮ್ಮೆಯೂ ಕೆಳಗಿಳಿಯದೆ ಉಳಿದಿದ್ದು ಅದೊಂದೇ. 1983ರಲ್ಲಿ ಅಥೆನ್ಸ್‌ನಲ್ಲಿ ಫೆಲಿಕ್ಸ್ ಮಾಗಾಟ್ ಹೊಡೆದ ಗೋಲಿನಿಂದ ಯುವೆಂಟಸ್ ಅನ್ನು ಸೋಲಿಸಿ ಯುರೋಪಿಯನ್ ಕಪ್ ಗೆದ್ದ ಕ್ಲಬ್. ಅದಕ್ಕೆ ಆ ಹೆಮ್ಮೆ ಸಹಜವೇ.

2017ರ ಮೇ 20ರಂದೂ ಗಡಿಯಾರ ನಿಲ್ಲುವ ಭಯ ಇತ್ತು. ವೊಲ್ಫ್ಸ್‌ಬರ್ಗ್ ವಿರುದ್ಧ 1-1 ಇದ್ದಾಗ 86ನೇ ನಿಮಿಷದಲ್ಲಿ ಅಂಗಳಕ್ಕಿಳಿದ ಲೂಕಾ ವಾಲ್ಡ್‌ಶ್ಮಿಟ್ 88ನೇ ನಿಮಿಷದಲ್ಲಿ ಹೆಡರ್‌ನಿಂದ ಗೋಲು ಹಾಕಿದರು. ಬುಂಡೆಸ್‌ಲಿಗಾದಲ್ಲಿ ಅದೇ ಅವರ ಮೊದಲ ಗೋಲು. ಪ್ಲೇಆಫ್‌ಗೆ ಹೋಗಬೇಕಾದ ಸರದಿ ವೊಲ್ಫ್ಸ್‌ಬರ್ಗ್‌ನದ್ದಾಯಿತು. ಮರುವರ್ಷ ಮೇ 12ರಂದು ಹ್ಯಾಂಬರ್ಗ್ ತನ್ನ ಪಂದ್ಯವನ್ನು 2-1ರಿಂದ ಗೆದ್ದೂ ಬಿತ್ತು. ವೊಲ್ಫ್ಸ್‌ಬರ್ಗ್ ಅತ್ತ ಕಲೋನ್ ತಂಡವನ್ನು 4-1ರಿಂದ ಸೋಲಿಸಿತ್ತು. ಒಟ್ಟು 54 ವರ್ಷ 261 ದಿನ.

ಪ್ರಶ್ನೆ: ಎರಡನೇ ಡಿವಿಷನ್‌ನಿಂದ ಮೇಲೆ ಬರಲು ಏಳು ವರ್ಷ ಯಾಕೆ ಬೇಕಾಯಿತು? ದುರದೃಷ್ಟವೇ? (ಹುಬ್ಬಳ್ಳಿ)

ಉತ್ತರ: ದುರದೃಷ್ಟ ಎನ್ನಲು ನಮಗೆ ಮನಸ್ಸಿಲ್ಲ. ಒಂದೊಂದೇ ವರ್ಷ ನೋಡಿ.

2018-19ರ ಮೊದಲರ್ಧದಲ್ಲಿ 37 ಅಂಕ, ಅಂಕಪಟ್ಟಿಯಲ್ಲಿ ಮೊದಲ ಸ್ಥಾನ. ದ್ವಿತೀಯಾರ್ಧದಲ್ಲಿ ಬರೀ 19. ಮುಗಿಯಲು ಮೂರು ಪಂದ್ಯ ಇರುವಾಗ, ತಾನೇ ಕೆಳಗಿಳಿಯುವ ಹಾದಿಯಲ್ಲಿದ್ದ ಇಂಗೋಲ್‌ಸ್ಟಾಟ್ ವಿರುದ್ಧ ತವರಿನಲ್ಲಿ 0-3. ಮರುವಾರ ಪಾಡರ್‌ಬಾರ್ನ್‌ನಲ್ಲಿ 1-4. ಕೊನೆಗೆ 56 ಅಂಕ, ಮೂರನೇ ಸ್ಥಾನದ ಯೂನಿಯನ್ ಬರ್ಲಿನ್‌ಗೆ 57. ‘ಒಂದೇ ಅಂಕದಲ್ಲಿ ಹೋಯಿತು’ ಎನ್ನುವವರಿದ್ದಾರೆ. ಒಂದು ಅಂಕ ಹೆಚ್ಚು ಬಂದಿದ್ದರೂ ಹೋಗುತ್ತಿತ್ತು. ಅಂಕ ಸಮವಾದರೆ ನೋಡುವ ಗೋಲು ವ್ಯತ್ಯಾಸದಲ್ಲಿ (ಹೊಡೆದ ಗೋಲಿನಿಂದ ಬಿಟ್ಟ ಗೋಲು ಕಳೆದರೆ ಉಳಿಯುವುದು) ಯೂನಿಯನ್ ಎಷ್ಟೋ ಮುಂದಿತ್ತು. ಬೇಕಾಗಿದ್ದದ್ದು ಎರಡು ಅಂಕ.

2019-20ರದ್ದು ಹೆಚ್ಚು ನೋವಿನದು, ಯಾಕೆಂದರೆ ಸೋರಿದ ಜಾಗ ಕಣ್ಣಿಗೆ ಕಾಣುತ್ತದೆ. ಕೋವಿಡ್ ವಿರಾಮದ ನಂತರದ ಪಂದ್ಯಗಳಲ್ಲಿ ಇಂಜುರಿ ಟೈಮ್‌ನ ಗೋಲುಗಳನ್ನಷ್ಟೇ ಎಣಿಸಿ (ಗೆಲುವಿಗೆ ಮೂರು ಅಂಕ, ಡ್ರಾಗೆ ಒಂದು). ಫ್ಯೂರ್ತ್ ವಿರುದ್ಧ ಗೆದ್ದ ಪಂದ್ಯ 2-2 ಆಯಿತು, ಎರಡು ಅಂಕ ಹೋಯಿತು. ಸ್ಟುಟ್‌ಗಾರ್ಟ್‌ನಲ್ಲಿ 2-0 ಮುಂದಿದ್ದು, 2-2 ಆಗಿ, ಕೊನೆಗೆ 2-3, ಒಂದು ಅಂಕ. ಕೀಲ್ ವಿರುದ್ಧ 3-3, ಮತ್ತೆ ಎರಡು. ಹೈಡನ್‌ಹೈಮ್‌ನಲ್ಲಿ 95ನೇ ನಿಮಿಷದ ಗೋಲಿಗೆ 1-2, ಇನ್ನೊಂದು. ಒಟ್ಟು ಆರು. ಹ್ಯಾಂಬರ್ಗ್ ಮುಗಿಸಿದ್ದು 54ಕ್ಕೆ. ಆ ಆರು ಸೇರಿದ್ದರೆ 60, ಅಂದರೆ 58 ಅಂಕದಿಂದ ಎರಡನೆಯದಾಗಿ ನೇರ ಬಡ್ತಿ ಪಡೆದ ಸ್ಟುಟ್‌ಗಾರ್ಟ್‌ನ ಜಾಗ.

ಇಷ್ಟೆಲ್ಲ ಆಗಿಯೂ ಮೂರನೇ ಸ್ಥಾನಕ್ಕೆ, ಅಂದರೆ ಪ್ಲೇಆಫ್‌ಗೆ, ಕೊನೆಯ ದಿನ ಒಂದು ಡ್ರಾ ಸಾಕಿತ್ತು. ಆ ಸ್ಥಾನದಲ್ಲಿದ್ದ ಹೈಡನ್‌ಹೈಮ್ ಬೀಲೆಫೆಲ್ಡ್‌ನಲ್ಲಿ 0-3 ಸೋಲುತ್ತಿತ್ತು. ಹ್ಯಾಂಬರ್ಗ್ ತನ್ನದೇ ಅಂಗಳದಲ್ಲಿ ಸಾಂಡ್‌ಹೌಸೆನ್ ಎಂಬ ಸಣ್ಣ ಊರಿನ ತಂಡಕ್ಕೆ 1-5ರಿಂದ ಶರಣಾಯಿತು. ಮುನ್ನಡೆ ಸಿಕ್ಕಾಗ ಚೆಂಡನ್ನು ತನ್ನಲ್ಲಿ ಇಟ್ಟುಕೊಳ್ಳುವ ಬದಲು ಹಿಂದೆ ಸರಿದು ಗೋಲಿನ ಮುಂದೆ ಗುಂಪಾಗುವುದು ಆ ತಂಡದ ರೋಗವಾಗಿತ್ತು. ಹಾಗೆ ಸರಿದವರ ಮೇಲೆ ಕ್ರಾಸ್, ಕಾರ್ನರ್‌ಗಳು ಬೀಳುತ್ತಲೇ ಇರುತ್ತವೆ. ಹತ್ತರಲ್ಲಿ ಒಂದು ಒಳಗೆ ಹೋದರೂ ಸಾಕು.

2021ರಲ್ಲಿ 58 ಅಂಕ, ನಾಲ್ಕನೇ ಸ್ಥಾನ. 2024ರಲ್ಲೂ ಅದೇ 58, ಅದೇ ನಾಲ್ಕು. ಆ ಎರಡು ವರ್ಷ ಮೂರನೆಯವರು ದೂರವೇ ಇದ್ದರು.

ಪ್ರಶ್ನೆ: ಪ್ಲೇಆಫ್ ಪದ್ಧತಿ ಮೇಲಿನ ಡಿವಿಷನ್‌ನವರ ಪರವಾಗಿದೆಯೇ? (ದಾವಣಗೆರೆ)

ಉತ್ತರ: ನಿಯಮದಲ್ಲಿ ಇಲ್ಲ, ಫಲಿತಾಂಶದಲ್ಲಿ ಇದೆ. 2009ರಲ್ಲಿ ಮತ್ತೆ ಶುರುವಾದ ಮೇಲೆ 2025ರವರೆಗಿನ 17 ಪ್ಲೇಆಫ್‌ಗಳಲ್ಲಿ ಕೆಳಗಿನ ತಂಡ ಗೆದ್ದಿದ್ದು ಮೂರೇ ಸಲ: 2009ರಲ್ಲಿ ನ್ಯೂರೆಂಬರ್ಗ್, 2012ರಲ್ಲಿ ಡ್ಯೂಸೆಲ್‌ಡಾರ್ಫ್, 2019ರಲ್ಲಿ ಯೂನಿಯನ್. ಮೇಲಿನವರ ಹತ್ತಿರ ಟಿವಿ ಹಕ್ಕಿನ ದುಡ್ಡಿನಿಂದ ಕೊಂಡ ಆಟಗಾರರಿರುತ್ತಾರೆ. ವರ್ಷವಿಡೀ ಸೋತಿದ್ದರೂ ಸೋತದ್ದು ದೊಡ್ಡವರ ಮುಂದೆ.

ಹ್ಯಾಂಬರ್ಗ್ ಎರಡೂ ಕಡೆಯ ರುಚಿ ಕಂಡಿದೆ. 2022ರಲ್ಲಿ ಬರ್ಲಿನ್‌ಗೆ ಹೋಗಿ ಹೆರ್ತಾ ತಂಡವನ್ನು 1-0ಯಿಂದ ಸೋಲಿಸಿ ಬಂತು. ತವರಿನಲ್ಲಿ ನಾಲ್ಕನೇ ನಿಮಿಷಕ್ಕೇ ಕಾರ್ನರ್‌ನಿಂದ ಗೋಲು ಬಿಟ್ಟು 0-2 ಸೋತಿತು. ಹೆರ್ತಾ ಕೋಚ್ ಯಾರು ಗೊತ್ತೇ? 1983ರಲ್ಲಿ ಹ್ಯಾಂಬರ್ಗ್‌ಗೆ ಕಪ್ ತಂದುಕೊಟ್ಟ ಅದೇ ಮಾಗಾಟ್.

ಪ್ರಶ್ನೆ: ಕೊನೆಯ ದಿನದ ಲೆಕ್ಕಾಚಾರವನ್ನು ಮನೆಯಲ್ಲಿ ಕೂತು ಸರಿಯಾಗಿ ಹಿಂಬಾಲಿಸುವುದು ಹೇಗೆ? (ಶಿವಮೊಗ್ಗ)

ಉತ್ತರ: ಪಂದ್ಯ ಶುರುವಾಗುವ ಮುಂಚೆ ಒಂದು ಹಾಳೆಯಲ್ಲಿ ಪೈಪೋಟಿಯಲ್ಲಿರುವ ತಂಡಗಳನ್ನಷ್ಟೇ ಬರೆದುಕೊಳ್ಳಿ. ಪ್ರತಿ ತಂಡದ ಮುಂದೆ ಅಂಕ, ಆಮೇಲೆ ಗೋಲು ವ್ಯತ್ಯಾಸ, ಆಮೇಲೆ ಹೊಡೆದ ಗೋಲು. ಜರ್ಮನಿಯಲ್ಲಿ ಅಂಕ ಸಮವಾದರೆ ನೋಡುವುದು ಇದೇ ಕ್ರಮದಲ್ಲಿ. ಗೆಲುವು, ಡ್ರಾ, ಸೋಲು ಮೂರಕ್ಕೂ ಎಷ್ಟಾಗುತ್ತದೆಂದು ಮೊದಲೇ ಕೂಡಿಟ್ಟುಕೊಳ್ಳಿ. ಕೊನೆಯ ದಿನದ ಪಂದ್ಯಗಳು ಒಂದೇ ಹೊತ್ತಿಗೆ ಶುರುವಾಗುತ್ತವೆ, ಆದರೆ ಒಂದೇ ಹೊತ್ತಿಗೆ ಮುಗಿಯುವುದಿಲ್ಲ. ಎಲ್ಲ ಅಂಗಳಗಳಲ್ಲೂ ಕೊನೆಯ ಸೀಟಿ ಬೀಳುವವರೆಗೆ ಪೆನ್ನು ಕೆಳಗಿಡಬೇಡಿ.

2023ರ ಮೇ 28ರಂದು ಹ್ಯಾಂಬರ್ಗ್ ಅಭಿಮಾನಿಗಳು ಇದನ್ನೇ ಮರೆತರು. ಸಾಂಡ್‌ಹೌಸೆನ್‌ನಲ್ಲಿ ಹ್ಯಾಂಬರ್ಗ್ 1-0ಯಿಂದ ಗೆದ್ದಿತು. ಹೈಡನ್‌ಹೈಮ್ ರೇಗನ್ಸ್‌ಬರ್ಗ್‌ನಲ್ಲಿ 1-2 ಹಿಂದಿತ್ತು. ಮೈಕಿನಲ್ಲಿ ಬಡ್ತಿಯ ಅಭಿನಂದನೆ ಕೇಳಿಬಂತು, ಅಭಿಮಾನಿಗಳು ಅಂಗಳಕ್ಕೆ ನುಗ್ಗಿದರು. ರೇಗನ್ಸ್‌ಬರ್ಗ್‌ನಲ್ಲಿ ಆಟ ಇನ್ನೂ ನಡೆಯುತ್ತಲೇ ಇತ್ತು. ಇಂಜುರಿ ಟೈಮ್‌ನ ಮೂರನೇ ನಿಮಿಷದಲ್ಲಿ ಬೆಸ್ಟೆ ಪೆನಾಲ್ಟಿಯಿಂದ 2-2 ಮಾಡಿದರು, ಒಂಬತ್ತನೇ ನಿಮಿಷದಲ್ಲಿ ಕ್ಲೈನ್‌ಡೀನ್ಸ್ಟ್ 3-2. ಹೈಡನ್‌ಹೈಮ್ 67, ಡಾರ್ಮ್‌ಸ್ಟಾಟ್ 67, ಹ್ಯಾಂಬರ್ಗ್ 66. ಅಂಗಳದಲ್ಲಿ ಕುಣಿಯುತ್ತಿದ್ದವರು ಮೊಬೈಲ್ ನೋಡಿ ಅಲ್ಲೇ ಕುಸಿದು ಕೂತರು. ಈ ಸಲ ಮಾತ್ರ ಒಂದೇ ಒಂದು ಅಂಕ ಸಾಕಿತ್ತು: ಹ್ಯಾಂಬರ್ಗ್‌ನ ಗೋಲು ವ್ಯತ್ಯಾಸ 25, ಡಾರ್ಮ್‌ಸ್ಟಾಟ್‌ನದು 17. ನಾಲ್ಕು ದಿನ ಬಿಟ್ಟು ಪ್ಲೇಆಫ್‌ಗೆ ಸ್ಟುಟ್‌ಗಾರ್ಟ್‌ಗೆ ಹೋದ ತಂಡ ಮೊದಲ ನಿಮಿಷದಲ್ಲೇ ಗೋಲು ಬಿಟ್ಟಿತು. ಅಲ್ಲಿ 0-3, ತವರಿನಲ್ಲಿ 1-3.

66 ಅಂಕಕ್ಕೆ ಸಿಗದ ಬಡ್ತಿ ಎರಡು ವರ್ಷದ ನಂತರ 59ಕ್ಕೆ ಸಿಕ್ಕಿತು. 2025ರ ಮೇ 10ರಂದು, ಇನ್ನೂ ಒಂದು ಪಂದ್ಯ ಬಾಕಿ ಇರುವಾಗಲೇ, ಮೆರ್ಲಿನ್ ಪೋಲ್ಸಿನ್ ತರಬೇತಿಯಲ್ಲಿ ಉಲ್ಮ್ ತಂಡವನ್ನು 6-1ರಿಂದ ಸೋಲಿಸಿ ಹ್ಯಾಂಬರ್ಗ್ ಮೇಲಕ್ಕೆ ಹೋಯಿತು. ವಾರದ ಬಳಿಕ ಕೊನೆಯ ಪಂದ್ಯವನ್ನು ಫ್ಯೂರ್ತ್‌ನಲ್ಲಿ 2-3ರಿಂದ ಸೋತಿತು. ಆ ಸೋಲಿನಿಂದ ಮೊದಲ ಸ್ಥಾನ ಕಲೋನ್ ಪಾಲಾಯಿತು, ಬಡ್ತಿಗೆ ಮಾತ್ರ ಏನೂ ಆಗಲಿಲ್ಲ.