ಮರೆತುಹೋದವನೇ ಪತ್ತೇದಾರನಾದರೆ

ಓದುಗರ ಪತ್ರ: ಹೋದ ಸಂಚಿಕೆಯಲ್ಲಿ ಇಂಗ್ಲಿಷ್ ಲೇಖಕಿ ಆ್ಯನ್ ಪೆರಿ ಅವರ ವಿಲಿಯಂ ಮಾಂಕ್ ಕಾದಂಬರಿಗಳನ್ನು, ಅಂದರೆ ನೆನಪು ಕಳೆದುಕೊಂಡ ಪತ್ತೇದಾರನ ಕತೆಗಳನ್ನು, ಹೊಗಳಿದ್ದೀರಿ. ತಲೆಗೆ ಪೆಟ್ಟು ಬಿದ್ದು ಎಲ್ಲ ಮರೆಯುವುದು, ಇನ್ನೊಂದು ಪೆಟ್ಟಿಗೆ ನೆನಪು ವಾಪಸ್ ಬರುವುದು, ಇವೆಲ್ಲ ನಮ್ಮ ಹಳೇ ಸಿನಿಮಾಗಳ ಸವಕಲು ಸರಕು. ಅದಕ್ಕೇ ಲಂಡನ್ನಿನ ಕೋಟು ತೊಡಿಸಿದರೆ ದೊಡ್ಡದಾಗಿಬಿಡುತ್ತಾ?
– ಒಬ್ಬ ಓದುಗರು, ಶಿವಮೊಗ್ಗ

ಸಂಪಾದಕರ ಉತ್ತರ: ನಿಮ್ಮ ಸಿಟ್ಟಿನಲ್ಲಿ ಅರ್ಧ ನ್ಯಾಯವಿದೆ. ತಲೆಗೆ ಪೆಟ್ಟು ಬಿದ್ದವರು ಸಾಮಾನ್ಯವಾಗಿ ಮರೆಯುವುದು ಅಪಘಾತದ ಹೊತ್ತನ್ನು, ಅದರ ಹಿಂದುಮುಂದಿನ ಒಂದಷ್ಟು ಗಂಟೆ, ದಿನಗಳನ್ನು. ಸ್ವಂತ ಹೆಸರು, ಬಾಲ್ಯ ಎಲ್ಲಾ ಅಳಿಸಿಹೋಗುವುದು ತೀರಾ ಅಪರೂಪ. ಇಲ್ಲಿ ಪೆರಿ ಧಾರಾಳವಾಗಿಯೇ ಸಲುಗೆ ತೆಗೆದುಕೊಂಡಿದ್ದಾರೆ. ಆದರೆ ಆ ಎರಡನೇ ಪೆಟ್ಟಿನ ತಂಟೆಗೆ ಹೋಗಿಲ್ಲ. ಮಾಂಕ್‌ಗೆ ನೆನಪು ಚೂರುಚೂರಾಗಿ ಬರುತ್ತದೆ, ಪೂರ್ತಿ ಬರುವುದೇ ಇಲ್ಲ.

ನನ್ನ ತಕರಾರು ಇರುವುದು ಆ ಕೋಟಿನ ಮಾತಿಗೆ. 1990ರಲ್ಲಿ ಬಂದ ಮೊದಲ ಕಾದಂಬರಿ 'ದಿ ಫೇಸ್ ಆಫ್ ಎ ಸ್ಟ್ರೇಂಜರ್' ನಡೆಯುವುದು 1856ರಲ್ಲಿ. ರಷ್ಯಾ ವಿರುದ್ಧ ಬ್ರಿಟನ್ ಕಾದಿದ ಕ್ರಿಮಿಯಾ ಯುದ್ಧ ಆಗಷ್ಟೇ ಮುಗಿದಿದೆ. ಗಾಡಿ ಅಪಘಾತವಾಗಿ ಆಸ್ಪತ್ರೆಯಲ್ಲಿ ಕಣ್ಣುಬಿಟ್ಟವನಿಗೆ ತಾನು ಯಾರೆಂದೇ ಗೊತ್ತಿಲ್ಲ. ಪೊಲೀಸ್ ಅಧಿಕಾರಿ ರಂಕಾರ್ನ್ ನೋಡಲು ಬಂದಾಗಲೇ ತಾನೂ ಪೊಲೀಸ್ ಅಂತ ತಿಳಿಯುವುದು. ಮರೆವನ್ನು ಹೇಳಿಕೊಳ್ಳುವ ಹಾಗಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ಮುಂದೆ ವರ್ಕ್‌ಹೌಸ್, ಅಂದರೆ ಗತಿಯಿಲ್ಲದವರನ್ನು ದುಡಿಸಿಕೊಂಡು ಗಂಜಿ ಹಾಕುವ ಜಾಗ. ಇವತ್ತಾದರೆ ಜೇಬಿನ ಫೋನೇ ಎಲ್ಲ ಹೇಳಿಬಿಡುತ್ತದೆ, ಅಲ್ವಾ? ಆಗ ಗುರುತಿನ ಚೀಟಿ ಇಲ್ಲ. ಲಂಡನ್ ಪೊಲೀಸರ ಕೇಂದ್ರ ಕಚೇರಿ ಸ್ಕಾಟ್ಲೆಂಡ್ ಯಾರ್ಡ್‌ನಲ್ಲಿ ಬೆರಳಚ್ಚು ವಿಭಾಗ ಶುರುವಾಗಿದ್ದೇ 1901ರಲ್ಲಿ. ನೀವು ಯಾರು ಅಂತ ನಿಮ್ಮನ್ನು ಬಲ್ಲವರು ಹೇಳಬೇಕು, ಇಲ್ಲವೇ ಮನೆಯಲ್ಲಿರುವ ಸಾಮಾನು ಹೇಳಬೇಕು.

ಹಾಗಾಗಿ ಮಾಂಕ್ ತನ್ನ ಕೋಣೆಯನ್ನೇ ಯಾರೋ ಅಪರಿಚಿತನ ಕೋಣೆಯಂತೆ ಜಾಲಾಡುತ್ತಾನೆ. ಒಳ್ಳೊಳ್ಳೆ ಬಟ್ಟೆ ನೋಡಿ, ಓ, ನಾನು ಶೋಕಿಯವನು ಅಂತ ಗೊತ್ತಾಗುತ್ತದೆ. ಜೊತೆಯವರ ಮುಖ ನೋಡಿದರೆ ಇವನನ್ನು ಕಂಡು ಹೆದರುವವರೇ ಜಾಸ್ತಿ, ಪ್ರೀತಿಸುವವರು ಕಾಣಿಸುವುದಿಲ್ಲ. ಇಷ್ಟರಲ್ಲಿ ಕೈಗೆ ಬಂದಿರುವ ಪ್ರಕರಣ ಯುದ್ಧದಿಂದ ಮರಳಿದ ಜಾಸ್ಲಿನ್ ಗ್ರೇ ಎಂಬ ಸೇನಾಧಿಕಾರಿಯ ಕೊಲೆ. ಅದರ ಜಾಡು ಹಿಡಿದು ಹೋದಂತೆಲ್ಲ ಬೆರಳು ತನ್ನ ಕಡೆಗೇ ತಿರುಗುತ್ತದೆ. ಬೇರೆ ಪತ್ತೇದಾರರು ಊರವರನ್ನೆಲ್ಲ ಅನುಮಾನಿಸುತ್ತಾರೆ. ಇವನು 'ನಾನೇ ಮಾಡಿದೆನಾ?' ಎಂದು ಕೇಳಿಕೊಂಡೇ ಸಾಕ್ಷಿ ಕಲೆಹಾಕಬೇಕು. ಕೊನೆ ಏನಾಯಿತೆಂದು ಹೇಳುವುದಿಲ್ಲ, ಬಯ್ಯಬೇಡಿ.

ಇನ್ನೊಂದು ಸಂಗತಿ. 1954ರಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಹದಿಹರೆಯದ ಇಬ್ಬರು ಗೆಳತಿಯರು ಒಬ್ಬಳ ತಾಯಿಯನ್ನು ಕೊಂದರು. ಅವರಲ್ಲೊಬ್ಬಳು, 15 ವರ್ಷದ ಜೂಲಿಯೆಟ್ ಹ್ಯೂಮ್, ಸುಮಾರು ಐದು ವರ್ಷ ಜೈಲಿನಲ್ಲಿದ್ದು ಹೊರಬಂದಳು, ಹೆಸರು ಬದಲಿಸಿಕೊಂಡಳು. ಅವಳೇ ಆ್ಯನ್ ಪೆರಿ ಎಂದು ಜಗತ್ತಿಗೆ ಗೊತ್ತಾಗಿದ್ದು 1994ರಲ್ಲಿ, ಮಾಂಕ್ ಹುಟ್ಟಿ ನಾಲ್ಕು ವರ್ಷವಾದ ಮೇಲೆ. ಬರೆದವರ ಬದುಕನ್ನು ಹಿಡಿದು ಬರಹ ಅಳೆಯುವುದು ನನಗೆ ಅಷ್ಟಾಗಿ ಸೇರುವುದಿಲ್ಲ. ಆದರೂ ತನ್ನ ಹಿಂದಿನದು ಯಾವಾಗ ಹೊರಬೀಳುತ್ತದೋ ಎಂಬ ಮಾಂಕ್‌ನ ಭಯ ಸುಮ್ನೆ ತಂತ್ರಕ್ಕಾಗಿ ತಂದದ್ದು ಅಂತ ಇದನ್ನು ತಿಳಿದ ಮೇಲೆ ನನಗೆ ಅನ್ನಿಸಲಿಲ್ಲ.

ಓದುವುದಾದರೆ ಮೊದಲನೆಯದರಿಂದಲೇ ಹಿಡಿಯಿರಿ. ನಡುವಿನಿಂದ ಶುರುಮಾಡಿದರೆ ಅವನಿಗೆ ಗೊತ್ತಿಲ್ಲದ್ದು ನಿಮಗೆ ಮೊದಲೇ ಗೊತ್ತಾಗಿಬಿಡುತ್ತದೆ. ಓದಿದ ಮೇಲೂ ಸವಕಲು ಅನ್ನಿಸಿದರೆ ಮತ್ತೆ ಬರೆಯಿರಿ, ಅದನ್ನೂ ಹಾಕುತ್ತೇವೆ.