ಲೋಕಲ್‌ಮಾಡ್‌ಕಾನ್ಫಿಗ್ ಕೊಡೋ ಮುಂಚೆ ಪೆನ್‌ಡ್ರೈವ್ ಚುಚ್ಚಿ

ಪುಣೆಯ ಹಡಪ್ಸರ್‌ನವರೊಬ್ಬರ ಪೋಸ್ಟ್ ಓದಿ ನನ್ನ ಹಳೇ ಗಾಯ ಕೆರೆದ ಹಾಗಾಯ್ತು. ಡೆಬಿಯನ್ ಲಿನಕ್ಸ್‌ನಲ್ಲಿ ಲೋಕಲ್‌ಮಾಡ್‌ಕಾನ್ಫಿಗ್ (ಬಳಕೆಯಲ್ಲಿಲ್ಲದ ಮಾಡ್ಯೂಲ್, ಅಂದ್ರೆ ಡ್ರೈವರ್‌ನಂಥ ತುಣುಕುಗಳನ್ನು ಕೈಬಿಡೋ ಕಮಾಂಡ್) ಕೊಟ್ಟು ಸಿಸ್ಟಮ್‌ನ ತಿರುಳಾದ ಕರ್ನಲ್ ತಾವೇ ಕಟ್ಟಿದ್ದಾರೆ, ಬೇಗ ಮುಗಿದಿದೆ, ಈಗ ಪೆನ್‌ಡ್ರೈವ್ ಕಾಣ್ತಿಲ್ಲ, ಪೋರ್ಟ್ ಹೋಯ್ತಾ ಅಂತ ಕೇಳ್ತಿದ್ದಾರೆ. ಪೋರ್ಟ್ ಸರಿಯಾಗೇ ಇದೆ ಸರ್. ಯುಎಸ್‌ಬಿ ಸಾಧನಗಳ ಪಟ್ಟಿ ಕೊಡೋ ಎಲ್ಎಸ್‌ಯುಎಸ್‌ಬಿ ಹೊಡೆದು ನೋಡಿ, ಪೆನ್‌ಡ್ರೈವ್ ಹೆಸರು ಬರುತ್ತೆ. ಡಿಸ್ಕ್‌ಗಳ ಪಟ್ಟಿ ಕೊಡೋ ಎಲ್ಎಸ್‌ಬಿಎಲ್‌ಕೆಯಲ್ಲಿ ಬರಲ್ಲ. ಪೆನ್‌ಡ್ರೈವನ್ನು ಡಿಸ್ಕ್ ಆಗಿ ತೋರಿಸೋ ಯುಎಸ್‌ಬಿ-ಸ್ಟೋರೇಜ್ ಮಾಡ್ಯೂಲನ್ನೇ ನೀವು ಕಟ್ಟಿಲ್ಲ. ಕಮಾಂಡ್ ಕೊಟ್ಟ ಹೊತ್ತಿಗೆ ಲೋಡ್ ಆಗಿರೋ ಮಾಡ್ಯೂಲ್ ಮಾತ್ರ ಉಳಿಯೋದು, ಅಲ್ವಾ?

ನಾನೂ ಇದನ್ನೇ ಮಾಡಿ, ಸ್ವಾರ್‌ಗೇಟ್‌ನಲ್ಲಿ ಬಸ್ ಹತ್ತಿ ಗಣೇಶ ಹಬ್ಬಕ್ಕೆ ಧಾರವಾಡಕ್ಕೆ ಹೋಗಿದ್ದೆ. ಕೈಯಲ್ಲಿ ಹಳೇ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್. ಬೂಟ್ ಪಾರ್ಟಿಷನ್ ತುಂಬಿದೆ ಅಂತ ಡಿಸ್ಟ್ರೋ ಕರ್ನಲ್ (ಡೆಬಿಯನ್‌ನವರೇ ಕಟ್ಟಿ ಕೊಡೋದು) ಬೇರೆ ಕಿತ್ತು ಹಾಕಿದ್ದೆ, ಜಾಣ ನೋಡಿ. ಸೋದರಮಾವ ಮದುವೆ ಫೋಟೋ ಇರೋ ಪೆನ್‌ಡ್ರೈವ್ ಕೊಟ್ಟರು. ಏನೂ ಬರಲಿಲ್ಲ. ಮತ್ತೆ ಕಟ್ಟೋಣ ಅಂದ್ರೆ ಕರ್ನಲ್ ಸೋರ್ಸೆಲ್ಲ ಪುಣೆಯ ಡೆಸ್ಕ್‌ಟಾಪ್‌ನಲ್ಲಿ. ಮನೆಮಂದಿಯೆಲ್ಲ ಸುತ್ತ ನಿಂತಿದ್ದಾರೆ. "ಪುಣೆದಾಗ ಏನ್ ಕಲಿಸ್ಯಾರೋ ನಿನಗ?" ಅಂದರು ಮಾವ. ಫೋನ್ ಹಾಟ್‌ಸ್ಪಾಟ್‌ನಲ್ಲಿ ಡೆಬಿಯನ್ ಕರ್ನಲ್ ಇಳಿಸಿ ಫೋಟೋ ತೆರೆಯೋ ಹೊತ್ತಿಗೆ ಆರತಿ ಮುಗಿದಿತ್ತು.

ಈಗ ನಾನು ಮಾಡೋದು ಹೀಗೆ. ಡಿಸ್ಟ್ರೋ ಕರ್ನಲ್‌ನಲ್ಲೇ ಒಂದು ವಾರ ಕೆಲಸ ಮಾಡ್ತೀನಿ. ಪ್ರಿಂಟರ್, ಪ್ರೊಜೆಕ್ಟರ್, ಬ್ಲೂಟೂತ್, ಫೋನ್ ಟೆದರಿಂಗ್, ವಿಪಿಎನ್, ಎಲ್ಲ ಒಂದೊಂದು ಸಲ ಬಳಸಿ, ಪ್ರತಿ ಸಲ ಎಲ್ಎಸ್‌ಮಾಡ್ (ಲೋಡ್ ಆಗಿರೋ ಮಾಡ್ಯೂಲ್‌ಗಳ ಪಟ್ಟಿ ಕೊಡೋ ಕಮಾಂಡ್) ಔಟ್‌ಪುಟ್ ಒಂದೇ ಫೈಲಿನ ಕೊನೆಗೆ ಸೇರಿಸ್ತೀನಿ. ಒಂದೇ ಹೆಸರು 10 ಸಲ ಬಂದರೂ ಲೋಕಲ್‌ಮಾಡ್‌ಕಾನ್ಫಿಗ್‌ನ ಸ್ಕ್ರಿಪ್ಟ್ ತಲೆ ಕೆಡಿಸಿಕೊಳ್ಳಲ್ಲ. ಆಮೇಲೆ ಲೋಕಲ್‌ಮಾಡ್‌ಕಾನ್ಫಿಗ್ ಕೊಡುವಾಗ ಮೇಕ್‌ಗೆ (ಕರ್ನಲ್ ಕಟ್ಟೋ ಕಮಾಂಡ್) ಎಲ್ಎಸ್‌ಎಮ್‌ಒಡಿ ಅನ್ನೋ ವೇರಿಯೇಬಲ್‌ನಲ್ಲಿ ಆ ಫೈಲ್ ಕೊಡೋದು. ಪಟ್ಟಿ ಕಟ್ಟೋದು ಡಿಸ್ಟ್ರೋ ಕರ್ನಲ್‌ನಲ್ಲಿ, ಬೋಳಿಸಿದ ಕರ್ನಲ್‌ನಲ್ಲಲ್ಲ! ಇಲ್ಲದ ಮಾಡ್ಯೂಲ್ ಲೋಡ್ ಆಗೋದಾದರೂ ಹೇಗೆ? ಪೆನ್‌ಡ್ರೈವನ್ನು ಸುಮ್ನೆ ಚುಚ್ಚಿದರೆ ಸಾಲದು, ಮೌಂಟ್ ಮಾಡಿ, ಅಂದ್ರೆ ಒಳಗಿನ ಫೈಲ್ ಕಾಣೋ ಹಾಗೆ ತೆರೆಯಿರಿ. ಇಲ್ಲದಿದ್ದರೆ ಪೆನ್‌ಡ್ರೈವ್‌ನ ಫೈಲ್‌ಸಿಸ್ಟಮ್ ಓದೋ ವಿಫ್ಯಾಟ್ ಮಾಡ್ಯೂಲ್ ಪಟ್ಟಿಗೆ ಬಂದರೂ, ಅದಕ್ಕೆ ಬೇಕಾದ ಸಿಪಿ437 ಕೋಡ್‌ಪೇಜ್ (ಫೈಲ್ ಹೆಸರಿನ ಅಕ್ಷರಗಳ ಕೋಷ್ಟಕ) ಸಿಗದೆ ಹೊಸ ಕರ್ನಲ್‌ನಲ್ಲಿ ಮೌಂಟ್ ಆಗಲ್ಲ.

ಕಾನ್ಫಿಗ್‌ನಲ್ಲಿ ಡೀಬಗ್ ಇನ್ಫೋ (ದೋಷ ಹುಡುಕೋರಿಗೆ ಬೇಕಾದ ಮಾಹಿತಿ) ಆಫ್ ಮಾಡಿದ್ದೀರಾ? ಇಲ್ಲ ಅಂದ್ರೆ ಡಿಬಿಜಿ ಪ್ಯಾಕೇಜ್ ಡಿಸ್ಕ್ ನುಂಗುತ್ತೆ. ಡೆಬ್ ಅಂದ್ರೆ ಡೆಬಿಯನ್‌ನ ಇನ್‌ಸ್ಟಾಲ್ ಪ್ಯಾಕೇಜ್, ಅದನ್ನು ಕಟ್ಟೋಕೆ ಮೇಕ್ ಬಿನ್‌ಡೆಬ್-ಪಿಕೆಜಿ ಸಾಕು, ಡೆಬ್-ಪಿಕೆಜಿ ಸೋರ್ಸ್ ಪ್ಯಾಕೇಜನ್ನೂ ಕಟ್ಟುತ್ತೆ. ಉಬುಂಟು ಕರ್ನಲ್‌ನ ಕಾನ್ಫಿಗ್ ಫೈಲ್ ಎತ್ತಿಕೊಂಡವರು ಅದರಲ್ಲಿ ಟ್ರಸ್ಟೆಡ್ ಕೀಸ್, ರಿವೊಕೇಶನ್ ಕೀಸ್ ಎರಡೂ ಸಾಲು ಖಾಲಿ ಮಾಡಿ. ಪೆಮ್ ಫೈಲ್ (ಆ ಕೀ ಇರೋ ಫೈಲ್) ಇಲ್ಲ ಅಂತ ಬಿಲ್ಡ್ ನಿಂತುಹೋಗಿದೆ ಅಂತ ಇಲ್ಲಿ ವಾರಕ್ಕೊಬ್ಬರು ಕೇಳ್ತಾರೆ, ಹಳೇ ಉತ್ತರ ಯಾರೂ ಓದಲ್ಲ. ಲೋಕಲ್‌ವರ್ಶನ್ (ಕರ್ನಲ್ ಹೆಸರಿನ ಕೊನೆಗೆ ಸೇರೋ ಗುರುತು) ಪ್ರತಿ ಸಲ ಬೇರೆ ಇಡಿ. ಹೆಡರ್ಸ್ ಡೆಬ್ ಕೂಡ ಹಾಕಿ, ಅದಿಲ್ಲದೆ ಡಿಕೆಎಮ್‌ಎಸ್ (ಕರ್ನಲ್ ಹೊರಗಿನ ಡ್ರೈವರ್‌ಗಳನ್ನು ಪ್ರತಿ ಕರ್ನಲ್‌ಗೂ ಕಟ್ಟಿಕೊಡೋ ವ್ಯವಸ್ಥೆ) ಡ್ರೈವರ್ ಕಟ್ಟಲ್ಲ. ಡಿಸ್ಟ್ರೋ ಕರ್ನಲ್ ಮಾತ್ರ ತೆಗೆಯಬೇಡಿ, ದಯವಿಟ್ಟು.

ಇನ್ನೊಂದು, ಗುರುವಾರ ಬೆಳಿಗ್ಗೆ ಕಟ್ಟೋಕೆ ಕೂರಬೇಡಿ. ಪುಣೆಯಲ್ಲಿ ಲೈನ್ ರಿಪೇರಿ ಅಂತ ಕರೆಂಟ್ ತೆಗೆಯೋದು ಹೆಚ್ಚಾಗಿ ಅವತ್ತೇ. ಕಟ್ಟೋವಾಗ ಕರೆಂಟ್ ಹೋದರೂ ಮೇಕ್ ಕ್ಲೀನ್ ಕೊಡಬೇಡಿ, ಕಟ್ಟಿದ್ದೆಲ್ಲ ಅಳಿಸಿಹೋಗುತ್ತೆ. ಅರ್ಧಕ್ಕೆ ನಿಂತು ಸೊನ್ನೆ ಬೈಟ್ ಇರೋ ಆಬ್ಜೆಕ್ಟ್ ಫೈಲ್ (ಕಂಪೈಲ್ ಆದ ತುಣುಕು) ಹುಡುಕಿ ಅಳಿಸಿ, ಮತ್ತೆ ಮೇಕ್ ಕೊಡಿ. ಹೆಚ್ಚಿನ ಸಲ ಬಿಟ್ಟ ಕಡೆಯಿಂದಲೇ ಮುಂದುವರಿಯುತ್ತೆ.